ಇಂಗ್ಲಿಷಿನ ದಾಯಾದಿ ಶಬ್ದಗಳು

ಇಂಗ್ಲಿಷನ್ನು ಕಲಿಯುತ್ತಿರುವ ಬಾಲಕನೊಬ್ಬನು 'ಗೋದಿಯ ಹೂವಿನಿಂದ ರೊಟ್ಟಿಯನ್ನು ಮಾಡಿದರು' ಎಂಬರ್ಥ ಬರುವಂತೆ ವಾಕ್ಯವನ್ನು ಬರೆದರೆ ಉಪಾಧ್ಯಾಯರು ನಗುವುದುಂಟು. ಕೆಂಪು ಮಸಿಯಿಂದ ಗೀಟೆಳೆದು ಅಂಕವನ್ನು ಕಳೆಯುವುದೂ ಉಂಟು. ಹಿಟ್ಟೆಂಬರ್ಥದ 'ಫ್ಲವರ್' ಶಬ್ದದಲ್ಲಿ ಓ ಎಂಬ ಅಕ್ಷರದ ಬಳಿಕ ಯು ಎಂಬುದು ಬರಬೇಕು. ಹೂವೆಂಬರ್ಥದ ಶಬ್ದದಲ್ಲಿ ಅದರ ಬದಲು ಡಬ್ಲ್ಯು, ಇ ಎಂಬೆರಡು ಬರಬೇಕು. ಇಂಗ್ಲೆಂಡಿನವರ ಕಿವಿಗೆ ಎರಡೂ ಒಂದೇ. ಇಂದಿನ ನಿಯಮದಂತೆ ಬಾಲಕನು ತಪ್ಪಿದುದು ನಿಜ. ಆದರೆ 1755ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನನ ಮಹಾನಿಘಂಟನ್ನು ತೆರೆದು ನೋಡಿದರೆ, ಆ ಬಾಲಕನು ಬರೆದ ರೂಪವೇ ಅಲ್ಲಿ ಸಾಧುರೂಪ. ಹಿಟ್ಟಿಗೆಂದು ಬೇರೊಂದು ಅಕ್ಷರಕ್ರಮವನ್ನು ಆ ಪಂಡಿತನು ಒಪ್ಪಲಿಲ್ಲ. ಹೂವೆಂಬ ಶಬ್ದದ ಅನೇಕಾರ್ಥಗಳಲ್ಲಿ ಹಿಟ್ಟೆಂಬುದನ್ನೂ ಒಂದಾಗಿ ಎಣಿಸಿದನು.

ಇದಕ್ಕೆ ಕಾರಣವುಂಟು. ಬೀಸಿ ಜರಡಿ ಹಿಡಿದಾಗ ದೊರೆಯುವ ನಯವಾದ ಉತ್ತಮಭಾಗವನ್ನು ಫ್ರೆಂಚರು 'ಹಿಟ್ಟಿನ ಹೂ' ಎಂದು ಕರೆಯುತ್ತಿದ್ದರು. ಆ ಮಾತು ಇಂಗ್ಲೆಂಡಿಗೆ ಬಂದು, ಕ್ರಮೇಣ 'ಹಿಟ್ಟಿನ' ಎಂಬುದು ಉದುರಿ, 'ಹೂ' ಎಂಬುದೇ ಹಿಟ್ಟಿನ ಹೆಸರಾಗಿ ಉಳಿಯಿತು. ಶಬ್ದವೊಂದೇ, ಅರ್ಥಗಳು ಎರಡು. ಅಕ್ಷರಕ್ರಮದಲ್ಲಿ ಅವು ಪಾಲಾಗಿ ಬೇರೆ ಮನೆ ಮಾಡಿದುದು 18ನೆಯ ಶತಮಾನದ ಕೊನೆಯ ಭಾಗದಿಂದ 19ನೆಯ ಶತಮಾನದ ಆದಿಭಾಗದವರೆಗೆ ನಡೆದ ಸಂಗತಿ. ವಿದ್ಯಾರ್ಥಿಗಳು ಉರುಹೊಡೆಯುವ 'ಸದೃಶ ಶಬ್ದಗಳ' ಪಟ್ಟಿಯಲ್ಲಿ ಆಕಸ್ಮಿಕವಾಗಿ ಒಂದನ್ನೊಂದು ಹೋಲುವ ಪರಕೀಯರೂ ಇದ್ದಾರೆ. ಆದರೆ ಒಂದೇ ಮನೆಯಲ್ಲಿ ಹುಟ್ಟಿ ಪಾಲಾದ ದಾಯಾದಿಗಳು ಅಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ತಿಳಿದವರು ಕಡಿಮೆ.

ಈ ಪಾಲುಪಟ್ಟಿಯನ್ನು ಬರೆದವರು ಯಾರು? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಆಸ್ಥಾನದಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಭಾಷೆಯು ಪ್ರಬಲವಾಯಿತು. ಸಹಸ್ರಾರು ಫ್ರೆಂಚ್ ಶಬ್ದಗಳು ದೇಶಭಾಷೆಯಲ್ಲಿ ಸೇರಿದುವು. ಲಿಪಿಕಾರರು ತಮಗೆ ತೋರಿದಂತೆ ಬರೆಯುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ ಮೇಲೂ ಈ ಸ್ವಾತಂತ್ರ್ಯವು ಬಹುಕಾಲ ನಡೆಯಿತು. ಶೇಕ್ಸ್‌ಪಿಯರ್ ಮಹಾಕವಿಯವೆಂದು ವಿದ್ವಾಂಸರು ಒಪ್ಪಿರುವ 6 ರುಜುಗಳಲ್ಲಿ ಅವನ ಹೆಸರಿನ ಅಕ್ಷರಗಳೇ ಏಕರೀತಿಯಾಗಿಲ್ಲ. 1582ರಲ್ಲಿ ರಿಚರ್ಡ್ ಮಲ್ಕಾಸ್ಟರನೆಂಬ ಲಂಡನ್ನಿನ ಶಾಲಾಧ್ಯಾಪಕನು ಸಾವಿರಾರು ಶಬ್ದಗಳಿಗೆ ಒಂದು ಸ್ಥಿರವಾದ ಬರೆಹವನ್ನು ಸೂಚಿಸಿ ಪಟ್ಟಿಯನ್ನು ಮಾಡಿದನು. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬವನು, ಈತನೂ ಉಪಾಧ್ಯಾಯನಾಗಿದ್ದವನೇ, ಸುಮಾರು 2,500 ಕಠಿನಶಬ್ದಗಳ ಕೋಶವೊಂದನ್ನು ಪ್ರಕಟಿಸಿದನು. ಬರಿಯ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುವ ಮೊದಲನೆಯ ನಿಘಂಟೆಂದು ಅದು ಪ್ರಸಿದ್ಧ. ಶುದ್ಧವಾಗಿ ಬರೆಯುವುದನ್ನು ಕಲಿಸುವ ಪುಸ್ತಕವೆಂದು ಅದರ ಮುಖಪುಟದಲ್ಲಿಯೇ ಹೇಳಿದೆ. ಆದರೆ 'ಪದಗಳು' ಎಂಬರ್ಥದ ಇಂಗ್ಲಿಷ್ ಶಬ್ದವೇ ಆ ಒಂದು ಪುಟದಲ್ಲಿ ಎರಡು ವಿಧವಾಗಿ ಅಚ್ಚಾಗಿದೆ! ಶುದ್ಧಿಯ ಬೋಧಕರನ್ನು ನೋಡಿ ನಗುವುದು ಸುಲಭ; ಆದರೆ ಇಂಥವರ ಪರಿಶ್ರಮದಿಂದಲೇ, ಅಚ್ಚುಕೂಟದವರ ರೂಢಿಯಿಂದಲೇ, ಭಾಷೆಗೆ ಒಂದು ಕಟ್ಟು ಬಂದಿತು.

ಕಟ್ಟು ಬರುತ್ತಿದ್ದ ಆ ಕಾಲದಲ್ಲಿ, ಒಂದು ಶಬ್ದಕ್ಕೆ ರೂಢಿಯಲ್ಲಿದ್ದ ಎರಡು ಬರೆಹಗಳಲ್ಲಿ ಒಂದನ್ನು ತೊಡೆದುಹಾಕುವ ಬದಲು ಒಂದೊಂದಕ್ಕೆ ಒಂದೊಂದು ಅರ್ಥವನ್ನು ಹಂಚಿಕೊಡುವುದು ಅನೇಕ ಕಡೆ ನಡೆಯಿತು. ಲೋಹವೆಂಬ ಅರ್ಥದ 'ಮೆಟಲ್' ಶಬ್ದವನ್ನು ಮನುಷ್ಯನ ಕೆಚ್ಚಿಗೂ ಸತ್ತ್ವಕ್ಕೂ ಲಕ್ಷಣೆಯಿಂದ ಬಳಸುತ್ತಿದ್ದರು. ಶೇಕ್ಸ್‌ಪಿಯರನ ಕಾಲದಲ್ಲಿ ಯಾವ ಅರ್ಥಕ್ಕೆ ಯಾವ ಬರೆಹವಾದರೂ ಸಲ್ಲುತ್ತಿದ್ದಿತು. ಈಗ ಲೋಹಕ್ಕೆ ಒಂದು ಟಿ, ಕೆಚ್ಚಿಗೆ ಎರಡು. 'ಆಗ' ಎಂಬರ್ಥದ 'ದೆನ್', 'ಅದಕ್ಕಿಂತ' ಎಂಬರ್ಥದ 'ದ್ಯಾನ್' ಇವು ಹಳೆಯ ಇಂಗ್ಲಿಷಿನಲ್ಲಿ ಒಂದೇ ಅವ್ಯಯ. ಸುಮಾರು 1700ರ ಹೊತ್ತಿಗೆ ಬೇರೆಯಾದುವು. ಒಂದೇ ಎಫ್ ಇರುವ 'ಆವ್' ಮತ್ತು ಎರಡು ಎಫ್‌ಗಳುಳ್ಳ 'ಆಫ್' ಕೂಡ ಹಾಗೆಯೇ. ಒತ್ತಿ ನುಡಿದ ರೂಪವು 17ನೆಯ ಶತಮಾನದಲ್ಲಿ ಬೇರೆ ಶಬ್ದವೆನಿಸಿತು.

ಇವೆಲ್ಲಕ್ಕಿಂತಲೂ ಸ್ವಾರಸ್ಯವಾದುದು ಬ್ಯಾಂಕಿನ 'ಚೆಕ್ಕು.' ಪಾರಸಿ ಭಾಷೆಯಲ್ಲಿ ರಾಜನಿಗೆ 'ಷಾ' ಎಂಬ ಹೆಸರು; ಬಾದಷಾ, ಷಹಜಹಾನ್ ಮುಂತಾದ ಮಾತುಗಳಲ್ಲಿ ಅದು ನಮಗೆ ಪರಿಚಿತವೇ. ಚದುರಂಗದಾಟವು ಭಾರತದಿಂದ ಪಾರಸಿಕರಿಗೆ, ಅವರಿಂದ ಅರಬರಿಗೆ, ಅರಬರಿಂದ ಯೂರೋಪಿಗೆ ಹೋಯಿತು. ರಾಜನಿಗೆ ಅಪಾಯ ಬಂದಾಗ ಎದುರಾಳಿಯು ಕೂಗಿ ಎಚ್ಚರಿಸುವ 'ಷಾ' ಎಂಬ ಶಬ್ದವು ಲ್ಯಾಟಿನ್ನಿನಲ್ಲಿಯೂ ಫ್ರೆಂಚಿನಲ್ಲಿಯೂ ಮಾರ್ಪಟ್ಟು ಇಂಗ್ಲಿಷಿನಲ್ಲಿ 'ಚೆಕ್' ಆಯಿತು. ರಾಜನನ್ನು ತಡೆಯುವುದರಿಂದ ಯಾವುದನ್ನಾದರೂ ತಡೆಯುವುದು ಎಂಬ ಅರ್ಥವೂ, ಅದರಿಂದ ಸರಿನೋಡುವುದು ಎಂಬ ಅರ್ಥವೂ ಹುಟ್ಟಿದುವು. ಇತ್ತ 12ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜಭಂಡಾರದ ಅಧಿಕಾರಿಗಳು ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಚೌಕಳಿ ಗೆರೆಗಳುಳ್ಳ ಬಟ್ಟೆಯನ್ನು ಹಾಸಿ, ಅದರ ಮೇಲೆ ಬಿಲ್ಲೆಗಳನ್ನಿಟ್ಟು ಪ್ರಾಂತಾಧಿಕಾರಿಗಳ ಲೆಕ್ಕವನ್ನು ತೀರಿಸಿಕೊಳ್ಳುತ್ತಿದ್ದರು. ಆ ಬಟ್ಟೆಯು ಚದುರಂಗದ ಹಾಸಿನಂತಿದ್ದುದರಿಂದ ಭಂಡಾರಕ್ಕೆ 'ಎಕ್ಸ್‌ಚೆಕರ್' ಎಂಬ ಹೆಸರಾಯಿತು. 18ನೆಯ ಶತಮಾನದಲ್ಲಿ ಹಣ ಕೊಡಲು ಬರೆವ ಚೀಟಿಗೆ, ಮೋಸವನ್ನು ತಡೆಯುವ ಸಾಧನವೆಂದು, ಮೊದಲು ಸರಳವಾಗಿ 'ಚೆಕ್' ಎಂದೇ ಹೆಸರಿಟ್ಟರು. ಕೊನೆಗೆ ಸಿ, ಕೆ. ಬಳಿಕ ಎಕ್ಸ್‌ಚೆಕರಿನ ಪ್ರತಿಷ್ಠೆಯು ಇದಕ್ಕೂ ತಗುಲಿ, ಕೊನೆಯಲ್ಲಿ ಕ್ಯು, ಯು, ಇ ಎಂಬ ಮೂರು ಅಕ್ಷರಗಳ ಬರೆಹವು 19ನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ನೆಲೆನಿಂತಿತು. ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಶಾಸನದಲ್ಲಿಯೂ ಅದೇ ಬರೆಹ. ಅಮೆರಿಕದವರು ಮಾತ್ರ ಹಳೆಯದನ್ನೇ ಉಳಿಸಿಕೊಂಡರು. ಭಾರತದಿಂದ ಹೊರಟ ಆಟದ ನೆನಪು ಪಾರಸಿಯ ರಾಜನ ಹೆಸರಿನಲ್ಲಿ, ಇಂಗ್ಲಿಷರ ಉಡುಪನ್ನು ಧರಿಸಿ, ಬ್ಯಾಂಕಿನ ಕಾಗದವಾಗಿ ಮರಳಿ ಬಂದಿತು.

'ಸ್ಟೇಷನರಿ' ಶಬ್ದದ ಕಥೆಯೂ ಹೀಗೆಯೇ. ಮಧ್ಯಯುಗದಲ್ಲಿ ಊರೂರು ಅಲೆಯುವ ವ್ಯಾಪಾರಿಗಳಿಗಿಂತ ಭಿನ್ನವಾಗಿ, ವಿದ್ಯಾಪೀಠಗಳ ಬಳಿ ಒಂದೆಡೆ ಅಂಗಡಿಯಿಟ್ಟು ನಿಂತ ಪುಸ್ತಕದ ವ್ಯಾಪಾರಿಗೆ 'ನಿಂತವನು' ಎಂಬರ್ಥದ ಹೆಸರು ಬಂದಿತು. ಅವನು ಮಾರುವ ಕಾಗದ, ಮಸಿ, ಲೇಖನಿಗಳಿಗೂ ಅದೇ ಹೆಸರಾಯಿತು. ಈಗ ಕೊನೆಯ ಆರ್ ಅಕ್ಷರಕ್ಕೆ ಮುಂಚೆ ಎ ಇದ್ದರೆ 'ಚಲಿಸದ' ಎಂದರ್ಥ, ಇ ಇದ್ದರೆ ಕಾಗದದ ಸರಕು. ನಮ್ಮ ಪೇಟೆಗಳಲ್ಲಿ ಕೆಲವು ಅಂಗಡಿಯ ಹಲಗೆಗಳ ಮೇಲೆ ಇ ಇರಬೇಕಾದೆಡೆ ಎ ಕಾಣುವುದುಂಟು. ವ್ಯಾಕರಣಕ್ಕೆ ಅದು ದೋಷ. ಅಂಗಡಿಯು ಕದಲದೆ ನಿಂತಿರುವುದರಿಂದ ಸತ್ಯಕ್ಕೆ ದೋಷವಿಲ್ಲ.

ಒಂದು ಶಬ್ದ ಎರಡಾಗುವುದು ಕನ್ನಡಕ್ಕೂ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಯಾತ್ರೆಯೂ ಜಾತ್ರೆಯೂ ಮೂಲದಲ್ಲಿ ಒಂದೇ. ಇಂದು ಕಾಶಿಗೆ ಹೋಗುವುದು ಯಾತ್ರೆ, ಊರದೇವರ ತೇರನ್ನೆಳೆಯುವುದು ಜಾತ್ರೆ. ವಿಜ್ಞಾನವೂ ಬಿನ್ನಾಣವೂ ಒಡಹುಟ್ಟಿದುವೆಂದರೆ ಎರಡಕ್ಕೂ ನಾಚಿಕೆಯಾದೀತು. ಆದರೆ ಭೇದವೊಂದುಂಟು. ಕನ್ನಡದಲ್ಲಿ ಪಾಲಾದುದು ಜನರ ನಾಲಗೆಯ ಮೇಲೆ. ಧ್ವನಿ ಬೇರೆಯಾಯಿತು, ಬರೆಹವು ಅದನ್ನು ಅನುಸರಿಸಿತು. ಇಂಗ್ಲಿಷಿನಲ್ಲಿ ಎಷ್ಟೋ ಸಲ ಪಾಲಾದುದು ಕಾಗದದ ಮೇಲೆ ಮಾತ್ರ. ಆದುದರಿಂದಲೇ ಕಿವಿಯನ್ನು ನಂಬಿ ಬರೆಯುವ ನಮ್ಮ ಮಕ್ಕಳು ಅಲ್ಲಿ ಎಡವುತ್ತಾರೆ. ಇಂಗ್ಲೆಂಡಿನ ಮಕ್ಕಳೂ ಎಡವುತ್ತಾರೆ. ಇದನ್ನು ಬುದ್ಧಿಮಾಂದ್ಯವೆಂದು ದಂಡಿಸುವುದು ನ್ಯಾಯವಲ್ಲ.

ಪಟ್ಟಿಯಲ್ಲಿರುವ ಎಲ್ಲವೂ ಹೀಗೆ ಪಾಲಾದುವಲ್ಲ. ಸ್ವೀಕರಿಸುವುದೆಂಬ 'ಆಕ್ಸೆಪ್ಟ್', ಹೊರತುಪಡಿಸುವುದೆಂಬ 'ಎಕ್ಸೆಪ್ಟ್', ಹಾಗೆಯೇ 'ಅಫೆಕ್ಟ್', 'ಎಫೆಕ್ಟ್' ಇವುಗಳಲ್ಲಿ ಲ್ಯಾಟಿನ್ ಧಾತು ಒಂದೇ, ಉಪಸರ್ಗ ಬೇರೆ. ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರಗಳು ಆದುದನ್ನು ಬಲ್ಲವರಿಗೆ ಇದರಲ್ಲಿ ಕಷ್ಟವಿಲ್ಲ. 'ಆಡ್' ಎಂಬ ಉಪಸರ್ಗದ ಡಕಾರವು ಎದುರಿನ ಫಕಾರಕ್ಕೆ ಸವರ್ಣವಾಗಿ ಎರಡು ಎಫ್ ಆದುದು, ತತ್ ಮತ್ತು ಲೀನ ಸೇರಿ ತಲ್ಲೀನವಾದಂತೆಯೇ. ಸಂಧಿಯನ್ನು ಕಲಿತ ವಿದ್ಯಾರ್ಥಿಗೆ ಇದನ್ನು ಒಂದು ಸಲ ತೋರಿಸಿದರೆ ಸಾಕು. ಪಟ್ಟಿಯನ್ನು ನೂರು ಸಲ ಬರೆಯಿಸಬೇಕಾಗಿಲ್ಲ.

ಮನುಷ್ಯಸಂಬಂಧವಾದುದು ಎಂಬರ್ಥದ 'ಹ್ಯೂಮನ್', ದಯೆಯುಳ್ಳ ಎಂಬರ್ಥದ 'ಹ್ಯೂಮೇನ್' ಇವೂ 18ನೆಯ ಶತಮಾನದವರೆಗೆ ಒಂದೇ ಶಬ್ದದ ಎರಡು ಬರೆಹಗಳು. ಮನುಷ್ಯನಾಗಿರುವುದಕ್ಕೂ ದಯಾಳುವಾಗಿರುವುದಕ್ಕೂ ಒಂದೇ ಮಾತು ಸಾಕಾಗಿದ್ದ ಕಾಲವೊಂದಿತ್ತು. ಕೊನೆಯ ಇ ಅಕ್ಷರವು ಅವೆರಡನ್ನೂ ಬೇರೆಮಾಡಿತು.

ಪಾಲಾದುವು ಮತ್ತೆ ಒಂದಾದುದೂ ಉಂಟು. ಅಭ್ಯಾಸವೆಂಬ 'ಪ್ರ್ಯಾಕ್ಟಿಸ್', ಅನುಮತಿಯೆಂಬ 'ಲೈಸೆನ್ಸ್' ಇವುಗಳನ್ನು ಬ್ರಿಟನ್ನಿನವರು ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್ ಎಂದು ವಿಂಗಡಿಸಿದರು. ಭಾರತದ ಶಾಲೆಗಳಿಗೂ ಕಚೇರಿಗಳಿಗೂ ಬಂದುದು ಆ ಕಟ್ಟಳೆಯೇ. ಅಮೆರಿಕದವರು ಈ ಗೋಡೆಯನ್ನು ಕೆಡವಿ ಒಂದೊಂದು ಶಬ್ದಕ್ಕೆ ಒಂದೇ ರೂಪವನ್ನು ಇಟ್ಟುಕೊಂಡರು. ಆದರೆ ಮೊದಲನೆಯದಕ್ಕೆ ಎಲ್ಲೆಡೆಯೂ ಸಿ, ಎರಡನೆಯದಕ್ಕೆ ಎಲ್ಲೆಡೆಯೂ ಎಸ್!