ಚಿಕ್ಕಪ್ಪನ ಯೆಜ್ಡಿಗೆ ಯಾವ ಚಕ್ರ?

ಇವತ್ತು ಚಕ್ರದ ಕಥೆ.

ಎಚ್.ಡಿ. ಕೋಟೆ ಕಡೆ ನಮ್ಮೂರಲ್ಲಿ, ಹೊಗೆಸೊಪ್ಪಿನ ಬ್ಯಾರನ್ ಗೋಡೆಗೆ ಒರಗಿಕೊಂಡು, ಚಿಕ್ಕಪ್ಪನ ಯೆಜ್ಡಿ ರೋಡ್‌ಕಿಂಗ್ ವರ್ಷಗಟ್ಟಲೆ ನಿಂತಿತ್ತು. ಎಂಜಿನ್ ವಾರದಲ್ಲೇ ಎದ್ದಿತು. ತಲೆನೋವಾಗಿದ್ದು ಚಕ್ರ. ರಿಮ್ಮು ತುಕ್ಕು ಹಿಡಿದಿತ್ತು, ಕಡ್ಡಿಗಳು ಮುಟ್ಟಿದರೆ ಮುರೀತಿದ್ದವು. ಸೀಟು ಕತ್ತರಿಸಿ ಗಾಡಿಯನ್ನ ಬಾಬರ್ ಮಾಡಬೇಕು ಅನ್ನೋದು ನನ್ನ ತಮ್ಮನ ಆಸೆ. "ಅಣ್ಣ, ಕಡಿಮೆ ರೇಟಿಗೆ ಅಲಾಯ್ ಸಿಗುತ್ತೆ, ಹಾಕ್ಸಿಬಿಡಣ" ಅಂದ. ಚಿಕ್ಕಪ್ಪ ಮಾತಾಡಲಿಲ್ಲ.

ಈ ಗಾಡಿಯ ಹುಟ್ಟೂರು ನಮಗೆ ದೂರವಲ್ಲ. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಮತ್ತವರ ಜೊತೆಗಾರರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಶುರುವಾದ ಗಾಡಿ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಹೆಸರು ಪಡೆಯಿತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಹರಾಜಾಗಿ ದುಡ್ಡು ಕೈಗೆ ಬಂದಾಗ ಮೊದಲು ಮಾತಿಗೆ ಬರ್ತಿದ್ದದ್ದು ಮಗಳ ಮದುವೆ, ಆಮೇಲೆ ಗಾಡಿ. ನಮ್ಮ ಚಿಕ್ಕಪ್ಪನದೂ ಹಂಗೇ ಬಂದಿದ್ದು.

ಹಳೇ ಜಾವಾಗೆ 16 ಇಂಚಿನ ಚಕ್ರ, ರೋಡ್‌ಕಿಂಗ್‌ಗೆ 18. ಎರಡಕ್ಕೂ ಕಡ್ಡಿ ಚಕ್ರವೇ. ಗುಂಡಿಗೆ ಬಿದ್ದರೆ ಕಡ್ಡಿ ಕೊಂಚ ಬಾಗಿ ಏಟು ತಿನ್ನುತ್ತೆ. ಸೊಟ್ಟ ಆದ್ರೆ ಊರಲ್ಲೇ ಬೆಂಡ್ ತೆಗೆಯೋರು ಇದ್ದರು. ಇನ್ನೊಂದು ಜಾಣತನ ನನಗೆ ಬಿಚ್ಚಿದಾಗಲೇ ಗೊತ್ತಾಗಿದ್ದು: ಹಿಂದಿನ ಚಕ್ರ ಎಳೆದುಕೊಂಡರೂ ಚೈನು, ಸ್ಪ್ರಾಕೆಟ್ ಜಾಗದಲ್ಲೇ ಉಳಿಯುತ್ತೆ. ಕೆಸರು ರಸ್ತೆಯಲ್ಲಿ ಪಂಚರ್ ಆದೋನಿಗೆ ಇದರ ಬೆಲೆ ಗೊತ್ತು.

1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಈಚೆಗೆ ಯೆಜ್ಡಿಗೆ ಹೊರಗಿನ ಸಾಮಾನು ಅನ್ನೋದು ಶೋಕಿ ಅಲ್ಲ, ಬೇರೆ ದಾರಿ ಇಲ್ಲ. ಯಾರೋ ತಯಾರಿಸಿದ ರಿಮ್ಮು, ಇನ್ಯಾರದೋ ಕಡ್ಡಿ, ಗುಜರಿಯಲ್ಲಿ ಸಿಕ್ಕ ಹಬ್ಬು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, ಆದರೆ ಅದು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಬೇರೆಯೇ ಗಾಡಿ. ನಮ್ಮ ಹಳೇದಕ್ಕೆ ಅದರಿಂದ ಏನೂ ಅನುಕೂಲವಾಗಲಿಲ್ಲ.

ಅಲಾಯ್ ನೋಡೋಕೆ ಹೋದೆವು. ಅಂಗಡಿಯವರು ಬೇರೆ ಗಾಡಿಯ ಜೊತೆ ತೋರಿಸಿದರು, ರೇಟು ಚೆನ್ನಾಗಿತ್ತು. ಲೆಕ್ಕ ಹಾಕಿದಾಗ ಆಕ್ಸಲ್ ದಪ್ಪ ಬೇರೆ, ಬೇರಿಂಗ್ ಬೇರೆ, ಡ್ರಮ್ ಬ್ರೇಕಿನ ಪ್ಲೇಟು ಕೂರಲ್ಲ. ಸ್ಪ್ರಾಕೆಟ್ ನೇರಕ್ಕೆ ಬರಬೇಕಾದರೆ ಲೇತಿನಲ್ಲಿ ತುಂಡು ಮಾಡಿಸಬೇಕು. ಅಗ್ಗದ ಚಕ್ರ ಅಲ್ಲಿಗೆ ದುಬಾರಿ ಆಯ್ತು. ಕೆ.ಆರ್. ನಗರದ ಸ್ನೇಹಿತನೊಬ್ಬ ಇಂಥದ್ದೇ ಹೆಸರಿಲ್ಲದ ಅಲಾಯ್ ಹಾಕಿಸಿ, ಒಂದು ಗುಂಡಿಗೆ ಬಿದ್ದು, ಅಂಚು ಸೀಳಿ, ಮೂರು ತಿಂಗಳು ಕೈಗೆ ಪಟ್ಟಿ ಕಟ್ಟಿಕೊಂಡಿದ್ದ. ಕಡ್ಡಿ ಚಕ್ರ ಮೊದಲು ಸೊಟ್ಟ ಆಗಿ ಸುಳಿವು ಕೊಡುತ್ತೆ. ಕಳಪೆ ಎರಕ ಹೇಳದೆ ಕೇಳದೆ ಸೀಳುತ್ತೆ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಸೀಟು ಕತ್ತರಿಸೋ ಆಸೆಗೂ ತಮ್ಮ ಅಲ್ಲೇ ತೆರೆ ಎಳೆದ, ಸ್ವಲ್ಪ ಮುನಿಸಿನಲ್ಲೇ.

ಕೊನೆಗೆ ಹಳೇ ಹಬ್ಬೇ ಉಳಿಸಿಕೊಂಡೆವು. ಐಎಸ್‌ಐ ಗುರುತಿರುವ 18 ಇಂಚಿನ ಹೊಸ ರಿಮ್ಮು, ಹೊಸ ಕಡ್ಡಿ, ಬೇರಿಂಗ್. ಕೊಳ್ಳೋ ಮುಂಚೆ ಹಬ್ಬಿನ ತೂತು ಎಣಿಸಿ. 36 ತೂತಿನ ಹಬ್ಬಿಗೆ ಬುಲೆಟ್ಟಿನ 40 ತೂತಿನ ರಿಮ್ಮು ಕೂರಲ್ಲ. ನಾನು ಎಣಿಸದೆ ಒಂದು ರಿಮ್ಮು ತಂದು, ವಾಪಸ್ಸು ಕೊಡೋಕೆ ಹೋಗಿ ಬೈಸಿಕೊಂಡೆ. ಕಡ್ಡಿ ಕಟ್ಟಿದ್ದು ಹುಣಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಅರ್ಧ ದಿನ ಚಕ್ರ ತಿರುಗಿಸ್ತಾ, ಒಂದು ಕಡ್ಡಿ ಬಿಗಿ, ಇನ್ನೊಂದು ಸಡಿಲ ಮಾಡ್ತಾ ಕೂತಿದ್ದರು.

ಮನೆಗೆ ತಂದ ಸಂಜೆ ಚಿಕ್ಕಪ್ಪ ಸ್ಪ್ಯಾನರ್ ಹಿಡಿದು ಒಂದೊಂದೇ ಕಡ್ಡಿ ತಟ್ಟುತ್ತಾ ಹೋದರು. ಟಿಣ್, ಟಿಣ್, ಟಿಣ್. ಒಂದು ಕಡೆ ಮಾತ್ರ ಸದ್ದು ಮಂಕಾಯ್ತು.

"ಇದೊಂದು ಸಡ್ಲ ಐತೆ ಕಣ್ಲಾ. ಬೆಳಗ್ಗೆ ಬಿಗಿಸ್ಕಂಡು ಬಾ."