ಪೊರೆಯ ಮೂಲಕ ವಿಸರಣೆ: ಅಣುಗಾತ್ರದ ಪಾತ್ರ

ಸಾರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ಪೊರೆಯೊಂದನ್ನು ಹಾಯ್ದು ಹರಡುವ ಕ್ರಿಯೆಯೇ ಪೊರೆಯ ಮೂಲಕ ವಿಸರಣೆ. ಅಣು ಚಿಕ್ಕದಾದಷ್ಟೂ ಅದು ಸಾಮಾನ್ಯವಾಗಿ ಬೇಗ ಹಾಯುತ್ತದೆ. ಆದರೆ ಅಣುವಿನ ವಿದ್ಯುದಾವೇಶ ಮತ್ತು ಪೊರೆಯಲ್ಲಿ ಕರಗುವ ಗುಣ ಈ ಲೆಕ್ಕವನ್ನು ಬದಲಿಸುತ್ತವೆ. ದೆಹಲಿ ರಾಜಧಾನಿ ವಲಯದ ಕುಡಿಯುವ ನೀರು ಇದಕ್ಕೆ ಒಳ್ಳೆಯ ನಿದರ್ಶನ.

ಇತಿಹಾಸ

ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ 1861ರಲ್ಲಿ ಉಪ್ಪು, ಸಕ್ಕರೆಗಳು ಪೊರೆಯನ್ನು ಬೇಗ ಹಾಯುವುದನ್ನೂ ಗೋಂದು, ಜೆಲಟಿನ್‌ಗಳು ಹಿಂದೆ ಉಳಿಯುವುದನ್ನೂ ತೋರಿಸಿ, ಈ ಬೇರ್ಪಡಿಕೆಯನ್ನು ಡಯಾಲಿಸಿಸ್ ಎಂದು ಕರೆದರು. 1867ರಲ್ಲಿ ಜರ್ಮನಿಯ ಮೋರಿಟ್ಜ್ ಟ್ರೌಬೆ ಕೃತಕ ಪೊರೆಗಳನ್ನು ರಚಿಸಿ, ಅವು ಅಣುಗಳನ್ನು ಸೋಸುವ ಜರಡಿಗಳೆಂದು ವಾದಿಸಿದರು. 1943ರಲ್ಲಿ ನೆದರ್ಲೆಂಡ್ಸ್‌ನ ವಿಲ್ಲೆಮ್ ಕೋಲ್ಫ್ ಕೃತಕ ಮೂತ್ರಪಿಂಡದಲ್ಲಿ ಸೆಲ್ಲೋಫೇನ್ ಪೊರೆ ಬಳಸಿದರು. 60 ಡಾಲ್ಟನ್ (ಅಣುತೂಕದ ಏಕಮಾನ) ತೂಕದ ಯೂರಿಯಾ ಅದರಿಂದ ಹೊರಹೋಗುತ್ತದೆ. ಸುಮಾರು 66,000 ಡಾಲ್ಟನ್ ತೂಕದ ಆಲ್ಬುಮಿನ್ ರಕ್ತದಲ್ಲೇ ಉಳಿಯುತ್ತದೆ.

ಜೀವಕೋಶದ ಪೊರೆಗೆ ಬರಿಯ ಜರಡಿಯ ವಿವರಣೆ ಸಾಲಲಿಲ್ಲ. ಕೊಬ್ಬಿನಲ್ಲಿ ಕರಗುವ ಅಣುಗಳು ಕೋಶವನ್ನು ಸುಲಭವಾಗಿ ಹೊಗುತ್ತವೆಂದು ಅರ್ನೆಸ್ಟ್ ಓವರ್‌ಟನ್ 1890ರ ದಶಕದಲ್ಲಿ ಕಂಡುಕೊಂಡರು. 1933ರಲ್ಲಿ ಫಿನ್ಲೆಂಡಿನ ರೂನಾರ್ ಕೊಲಾಂಡರ್ ಮತ್ತು ಸಹೋದ್ಯೋಗಿ ಬಾರ್ಲುಂಡ್ ಕಾರಾ ಎಂಬ ಪಾಚಿಯ ಮೇಲೆ ನಡೆಸಿದ ಪ್ರಯೋಗಗಳು ಎರಡೂ ಮತಗಳನ್ನು ಹೊಂದಿಸಿದವು: ಕರಗುವ ಗುಣವೇ ಮುಖ್ಯ, ಆದರೆ ತೀರಾ ಚಿಕ್ಕ ಅಣುಗಳು ಅದರ ಲೆಕ್ಕಕ್ಕಿಂತ ಬೇಗ ನುಸುಳುತ್ತವೆ.

ದೆಹಲಿಯ ನೀರು

ಲಾಸ್ ಏಂಜಲಿಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಸೆಲ್ಯುಲೋಸ್ ಅಸಿಟೇಟಿನ ಪೊರೆ ರೂಪಿಸಿದ ಮೇಲೆ ಇಂದು ದೆಹಲಿಯ ಮನೆಗಳಲ್ಲಿ ನೀರು ಸೋಸಲು ಬಳಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ವಿಧಾನ ಬಳಕೆಗೆ ಯೋಗ್ಯವಾಯಿತು. ಒತ್ತಡ ಹೇರಿದಾಗ ನೀರಿನ ಅಣುಗಳು ಪೊರೆಯಲ್ಲಿ ಕರಗಿ ಆಚೆಗೆ ವಿಸರಿಸುತ್ತವೆ. ಸೋಡಿಯಂ ಅಯಾನು ಚಿಕ್ಕದಾದರೂ ಸುತ್ತ ನೀರಿನ ಅಣುಗಳನ್ನು ಹೊತ್ತಿರುವುದರಿಂದಲೂ ಆವೇಶದಿಂದಲೂ ತಡೆಯಲ್ಪಡುತ್ತದೆ.

ದೆಹಲಿಗೆ ನೀರೊದಗಿಸುವ ಯಮುನೆಯಲ್ಲಿ ಅಮೋನಿಯಾ ಲೀಟರಿಗೆ ಸುಮಾರು 1 ಮಿಲಿಗ್ರಾಂ ಮೀರಿದರೆ ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಘಟಕಗಳ ಉತ್ಪಾದನೆ ಕುಗ್ಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಆರ್‌ಒ ಪೊರೆ 18 ಡಾಲ್ಟನ್ ತೂಕದ ಅಮೋನಿಯಂ ಅಯಾನನ್ನು ಬಹುಪಾಲು ತಡೆಯುತ್ತದೆ. 17 ಡಾಲ್ಟನ್ ತೂಕದ, ಆವೇಶವಿಲ್ಲದ ಅಮೋನಿಯಾ ಮಾತ್ರ ನುಸುಳಿಬಿಡುತ್ತದೆ. ನೀರು ಹೆಚ್ಚು ಕ್ಷಾರೀಯವಾದಷ್ಟೂ ಈ ಎರಡನೆಯದರ ಪಾಲು ಏರುತ್ತದೆ.

2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನೀರು ಪೋಲಾಗುವುದನ್ನು ಗಮನಿಸಿ, ಕರಗಿದ ಒಟ್ಟು ಘನಪದಾರ್ಥ (ಟಿಡಿಎಸ್) ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಲು ಸೂಚಿಸಿತು. ಮನೆಬಳಕೆಯ ಟಿಡಿಎಸ್ ಮೀಟರ್ ನೀರಿನ ವಿದ್ಯುದ್ವಾಹಕತೆಯನ್ನಷ್ಟೇ ಅಳೆಯುತ್ತದೆ. ಆದ್ದರಿಂದ ಪೊರೆಯಿಂದ ನುಸುಳುವ ಆವೇಶರಹಿತ ಚಿಕ್ಕ ಅಣುಗಳು ಅದರ ಎಣಿಕೆಗೆ ಸಿಗುವುದಿಲ್ಲ.