ಬೀಜಿಂಗ್‌ನ ಆದೇಶ, ಭಟ್ಕಳದ ಶಾಲೆ

ಚೀನಾದಲ್ಲಿ ಶಿಕ್ಷಣ ಬದಲಾಗೋದು ಮೇಲಿನಿಂದ. 1905ರಲ್ಲಿ ಒಂದೇ ಆದೇಶ, ಅಧಿಕಾರಿಗಳನ್ನು ಆರಿಸುತ್ತಿದ್ದ ಸಾವಿರಕ್ಕೂ ಹೆಚ್ಚು ವರ್ಷದ ಪರೀಕ್ಷೆ ರದ್ದು. 1966ರಲ್ಲಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿ, ಕಾಲೇಜು ಪ್ರವೇಶ ಪರೀಕ್ಷೆಯೇ ಬಂದ್. 1977ರಲ್ಲಿ ಡೆಂಗ್ ಶಿಯಾವೊಪಿಂಗ್ ಮತ್ತೆ ಶುರು ಮಾಡಿಸಿದರು. ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು ಮೂರು ಲಕ್ಷಕ್ಕೂ ಕಡಿಮೆ ಮಂದಿಗೆ. ನಡುವಿನ ಹತ್ತು ವರ್ಷ? ಒಂದು ಪೀಳಿಗೆಯ ಓದೇ ಹೋಯ್ತು.

ಈಗ ನಮ್ಮ ಕರಾವಳಿಗೆ ಬನ್ನಿ. ಇಲ್ಲಿ ಜನ ಆದೇಶಕ್ಕೆ ಕಾಯಲಿಲ್ಲ. 1919ರಲ್ಲೇ ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ ಹುಟ್ಟಿತು. 1980ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಹೊನ್ನಾವರದಲ್ಲಿ ಎಂಪಿಇ ಸೊಸೈಟಿ ಕಾಲೇಜು ಕಟ್ಟಿತು. ಚುಟುಕು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿದರು. ಭಟ್ಕಳದ ಶಿರಾಲಿ, ಕುಮಟಾದ ಮಿರ್ಜಾನದಂಥ ಊರುಗಳಲ್ಲಿ ಜನತಾ ವಿದ್ಯಾಲಯಗಳು ಎದ್ದವು. ಬಡವರ ಮಕ್ಕಳಿಗೆ ಹೈಸ್ಕೂಲು ಹತ್ತಿರ ಬಂತು.

ನಮ್ಮ ಸಂಸತ್ತು ಶಿಕ್ಷಣ ಹಕ್ಕಿನ ಕಾಯ್ದೆ ಮಾಡಿದ್ದು 2009ರಲ್ಲಿ!

2021ರಲ್ಲಿ ಚೀನಾ ಲಾಭದ ಟ್ಯೂಷನ್ ದಂಧೆಗೆ ಲಗಾಮು ಹಾಕಿತು. ಇಲ್ಲೂ ಅಂಥ ಆದೇಶ ಬರಲಿ ಅನ್ನೋರಿದ್ದಾರೆ. ಆದರೆ ಕೊಟ್ಟ ಆದೇಶವನ್ನು ವಾಪಸ್ ಪಡೆಯಬಹುದು. ಊರು ಕಟ್ಟಿದ ಶಾಲೆಯನ್ನು ಉಳಿಸೋದೂ ಊರೇ, ಮುಚ್ಚಿಸೋದೂ ಊರೇ. ನಿಮ್ಮೂರ ಶಾಲೆಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು, ಒಮ್ಮೆಯಾದರೂ ಕೇಳಿದ್ದೀರಾ?